ರಾತ್ರಿಶಾಲೆಯಿಂದ ಸಂಜೆಯ ಮೈದಾನಕ್ಕೆ

ಡಿಸೆಂಬರ್ ಬಂತೆಂದರೆ ಮುಂಬಯಿಯ ತುಳು-ಕನ್ನಡಿಗರ ಸಂಘಸಂಸ್ಥೆಗಳಲ್ಲಿ ಕ್ರೀಡಾಕೂಟದ ಕಾಲ. ಚಳಿಗಾಲ ಮುಗಿಯುವವರೆಗಿನ ಭಾನುವಾರಗಳಲ್ಲಿ ಒಂದಲ್ಲ ಒಂದು ಮೈದಾನದಲ್ಲಿ ಶಾಮಿಯಾನ ಏಳುತ್ತದೆ. ಬೆಳಿಗ್ಗೆ ಧ್ವಜವಂದನೆ, ಪಥಸಂಚಲನ. ಆಮೇಲೆ ನೂರು ಮೀಟರ್ ಓಟ, ಗುಂಡೆಸೆತ, ಪುಟ್ಟ ಮಕ್ಕಳ ಲಿಂಬೆ-ಚಮಚ, ಹೆಂಗಸರ ಥ್ರೋಬಾಲ್. ಬಿಸಿಲು ಇಳಿಯುವ ಹೊತ್ತಿಗೆ ಹಗ್ಗಜಗ್ಗಾಟ, ಕೊನೆಗೆ ಅತಿಥಿಗಳಿಗೆ ಶಾಲು, ಗೆದ್ದವರಿಗೆ ಟ್ರೋಫಿ. ವರ್ಷವಿಡೀ ಲೋಕಲ್ ಟ್ರೇನಿನಲ್ಲಿ, ಹೋಟೆಲಿನ ಗಲ್ಲಾದಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ದಿನ ಕಳೆಯುವ ಜನ ಒಂದು ದಿನವಾದರೂ ಮಣ್ಣಿನ ಮೇಲೆ ಒಟ್ಟಾಗುವುದು ಒಳ್ಳೆಯದೇ. ಅದನ್ನು ನಿಲ್ಲಿಸಿ ಎಂದು ಯಾರೂ ಹೇಳಬಾರದು. ಆದರೆ ಆ ಭಾನುವಾರ ನೂರು ಮೀಟರ್ ಓಟದಲ್ಲಿ ಎಲ್ಲರನ್ನೂ ಹತ್ತು ಹೆಜ್ಜೆ ಹಿಂದೆ ಹಾಕಿದ ಹನ್ನೊಂದು ವರ್ಷದ ಹುಡುಗಿ ಸೋಮವಾರ ಸಂಜೆ ಎಲ್ಲಿ ಓಡುತ್ತಾಳೆ? ಮಂಗಳವಾರ? ಮುಂದಿನ ಡಿಸೆಂಬರಿನವರೆಗಿನ ಉಳಿದ ದಿನಗಳಲ್ಲಿ? ಟ್ರೋಫಿ ಷೋಕೇಸಿಗೆ ಸೇರುತ್ತದೆ, ಹುಡುಗಿ ಟ್ಯೂಷನ್ನಿಗೆ. ಒಂದು ದಿನದ ಕೂಟ ನಡೆಸುವಷ್ಟು ಹಣ, ಜನ, ಉತ್ಸಾಹ ಇರುವ ಸಮುದಾಯಕ್ಕೆ ವರ್ಷವಿಡೀ ನಡೆಯುವ ಆಟದ ತರಗತಿ ನಡೆಸುವುದು ಸಾಧ್ಯ ಎಂಬುದು ಈ ಲೇಖನದ ವಾದ. ಅದನ್ನು ಆರಂಭಿಸಲು ಸಯನ್‌ಗಿಂತ ಯೋಗ್ಯವಾದ ಜಾಗ ಈ ನಗರದಲ್ಲಿ ಹೆಚ್ಚಿಲ್ಲ.

ಸಯನ್ ಯಾಕೆ? ಹೆಸರಿನಲ್ಲೇ ಒಂದು ಕಾರಣವಿದೆ. ಮರಾಠಿಯಲ್ಲಿ ಇದು ‘ಶೀವ್’, ಅಂದರೆ ಗಡಿ. ಹಳೆಯ ಮುಂಬಯಿ ದ್ವೀಪ ಇಲ್ಲಿಗೆ ಮುಗಿದು ಸಾಷ್ಟಿ ದ್ವೀಪ ಶುರುವಾಗುತ್ತಿತ್ತು. ಗುಡ್ಡದ ಮೇಲಿನ ಕೋಟೆ ಆ ಗಡಿ ಕಾಯಲು ಹದಿನೇಳನೆಯ ಶತಮಾನದಲ್ಲಿ ಕಟ್ಟಿದ್ದು. ಇವತ್ತಿಗೂ ಇದು ಗಡಿಯೇ. ರೈಲುಹಳಿಯ ಪೂರ್ವಕ್ಕೆ ಮಧ್ಯಮವರ್ಗದ ಹೌಸಿಂಗ್ ಸೊಸೈಟಿಗಳು, ದಕ್ಷಿಣಕ್ಕೆ ಕಿಂಗ್ಸ್ ಸರ್ಕಲ್-ಮಾಟುಂಗಾದ ದಕ್ಷಿಣ ಭಾರತೀಯರ ಹಳೆಯ ವಸತಿ, ಪಶ್ಚಿಮಕ್ಕೆ ಎರಡು ಚದರ ಕಿಲೋಮೀಟರಿಗಿಂತ ತುಸು ಹೆಚ್ಚಿನ ಜಾಗದಲ್ಲಿ ಹತ್ತು ಲಕ್ಷದವರೆಗೂ ಜನರಿದ್ದಾರೆಂದು ಅಂದಾಜಿಸಲಾಗುವ ಧಾರಾವಿ. ಕನ್ನಡಿಗರಿಗೆ ಈ ಪರಿಸರ ತವರಿನಷ್ಟೇ ಪರಿಚಿತ. ಸಯನ್‌ನ ಗೋಕುಲ, ನಿತ್ಯಾನಂದ ಸಭಾಗೃಹ, ಮಾಟುಂಗಾದ ಮೈಸೂರು ಅಸೋಸಿಯೇಷನ್, ವಡಾಲದ ಎನ್.ಕೆ.ಇ.ಎಸ್. ಶಾಲೆ ಎಲ್ಲವೂ ಒಂದು ಸಣ್ಣ ಊರಿನ ಅಳತೆಯೊಳಗೇ ಇವೆ. ಮಹಾನಗರದ ಹೊಟ್ಟೆಯಲ್ಲಿದ್ದರೂ ಸಯನ್ ನಡೆದುಕೊಳ್ಳುವುದು ಸಣ್ಣ ಪಟ್ಟಣದ ಹಾಗೆ: ಒಂದೇ ಆಸ್ಪತ್ರೆಯ ಹೆಸರು ಹೇಳಿ ದಾರಿ ತೋರಿಸುತ್ತಾರೆ, ಒಂದೇ ತರಕಾರಿ ಮಾರ್ಕೆಟ್ಟಿನಲ್ಲಿ ಎದುರಾಗುತ್ತಾರೆ. ಮಕ್ಕಳ ಆಟದ ಯೋಜನೆಗೆ ಬೇಕಾದ ಅಳತೆಯೂ ಇದೇ. ಇಡೀ ಮುಂಬಯಿಗೆ ಅಂತ ಮಾಡಿದ ಯೋಜನೆ ಯಾರಿಗೂ ತಲುಪುವುದಿಲ್ಲ. ಸಂಜೆ ಐದಕ್ಕೆ ಮನೆ ಬಿಟ್ಟ ಮಗು ಐದೂಕಾಲಕ್ಕೆ ನಡೆದು ಮುಟ್ಟುವ ಜಾಗದಲ್ಲಿದ್ದರೆ ತಲುಪುತ್ತದೆ.

ಆಟ ಬಡವರ ಮಕ್ಕಳ ಕೈಗೆ ಎಟುಕದಿರುವುದು ಸಲಕರಣೆ ದುಬಾರಿಯಾದ್ದರಿಂದ ಎಂದು ನಂಬುವವರು ಬಹಳ. ಅದಕ್ಕೇ ದಾನಿಗಳು ಮುಂದೆ ಬಂದಾಗಲೆಲ್ಲ ಬ್ಯಾಟು, ಚೆಂಡು, ಜೆರ್ಸಿ, ಬೂಟು ಹಂಚುತ್ತಾರೆ. ಫೋಟೋ ಚೆನ್ನಾಗಿ ಬರುತ್ತದೆ. ಸಲಕರಣೆಗೆ ಖರ್ಚಿದೆ, ನಿಜ. ಆದರೆ ದೊಡ್ಡ ಖರ್ಚು ಬೇರೆ ಕಡೆ ಇದೆ. ಮೊದಲನೆಯದು ಜಾಗದ ಗಂಟೆ. ಕೃತಕ ಹುಲ್ಲು ಹಾಸಿ ಬಲೆ ಕಟ್ಟಿದ ‘ಟರ್ಫ್’ಗಳು ಈಗ ಉಪನಗರಗಳಲ್ಲೆಲ್ಲ ಎದ್ದಿವೆ, ಸಂಜೆಯ ಹೊತ್ತು ಅಲ್ಲಿ ಒಂದು ಗಂಟೆಯ ಬಾಡಿಗೆ ಸಾವಿರ ರೂಪಾಯಿ ದಾಟುತ್ತದೆ. ಎರಡನೆಯದು ಕಲಿಸುವವರ ಸಂಬಳ. ಮೂರನೆಯದು ಯಾರೂ ಲೆಕ್ಕಕ್ಕೆ ಹಿಡಿಯದ ಖರ್ಚು, ದಾರಿ. 2024ರ ಆಗಸ್ಟ್ 1ರಂದು ಸಯನ್ ಸ್ಟೇಷನ್ನಿನ ಪಕ್ಕದ ಬ್ರಿಟಿಷರ ಕಾಲದ ಮೇಲ್ಸೇತುವೆಯನ್ನು ಕೆಡವಿ ಹೊಸದು ಕಟ್ಟಲೆಂದು ಮುಚ್ಚಿದರು. ಧಾರಾವಿಯಿಂದ ಪೂರ್ವಕ್ಕೆ ಬರಬೇಕಾದ ವಾಹನಗಳೆಲ್ಲ ಸುತ್ತಿ ಬರಬೇಕಾಯಿತು. ದೊಡ್ಡವರು ಬೈದುಕೊಂಡು ಬಂದರು. ಒಂಬತ್ತು ವರ್ಷದ ಮಗುವನ್ನು ಆಟಕ್ಕೆಂದು ಅಷ್ಟು ದೂರ ಯಾವ ತಾಯಿ ಕಳಿಸುತ್ತಾಳೆ? ಆಟ ಅಗ್ಗವಾಗುವುದೆಂದರೆ ಈ ಮೂರು ಅಗ್ಗವಾಗುವುದು. ಹಂಚಿದ ಬ್ಯಾಟು ಆರು ತಿಂಗಳಲ್ಲಿ ಸೀಳುತ್ತದೆ. ದಿನಾ ಬರುವ ಮೇಷ್ಟ್ರು ಇದ್ದರೆ ಸೀಳಿದ ಬ್ಯಾಟಿನಲ್ಲೂ ಆಟ ನಡೆಯುತ್ತದೆ.

ಈ ಮೂರೂ ಖರ್ಚನ್ನು ಇಳಿಸುವುದು ಹೇಗೆಂದು ಮುಂಬಯಿ ಕನ್ನಡಿಗರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಓದಬೇಕಾಗಿ ಬಂದಾಗ ಇಲ್ಲಿನ ಸಂಘಗಳು ಏನು ಮಾಡಿದವು? ಒಂದು ದಿನದ ‘ವಿದ್ಯಾಕೂಟ’ ಮಾಡಿ ಸ್ಲೇಟು ಹಂಚಲಿಲ್ಲ, ರಾತ್ರಿಶಾಲೆ ತೆರೆದವು. ಮೊಗವೀರ ರಾತ್ರಿ ಪ್ರೌಢಶಾಲೆ, ಬಿಲ್ಲವರ ಗುರುನಾರಾಯಣ ರಾತ್ರಿ ಪ್ರೌಢಶಾಲೆ, ಇನ್ನೂ ಹತ್ತಾರು. ಅವುಗಳ ಗುಟ್ಟು ಮೂರೇ ಮಾತಿನದು. ಸ್ವಂತ ಕಟ್ಟಡಕ್ಕೆ ಕಾಯಲಿಲ್ಲ. ಹಗಲು ಮಕ್ಕಳು ಮನೆಗೆ ಹೋದ ಮೇಲೆ ಖಾಲಿ ಬೀಳುವ ಶಾಲಾ ಕೋಣೆಗಳನ್ನು, ಎಷ್ಟೋ ಕಡೆ ನಗರಪಾಲಿಕೆಯವನ್ನೇ, ಕೇಳಿ ಪಡೆದರು. ಮಳೆಯಿರಲಿ ಹಬ್ಬವಿರಲಿ ಗಂಟೆ ತಪ್ಪಿಸಲಿಲ್ಲ. ಕಲಿಸುವವರು ಹಗಲು ಬೇರೆ ಕೆಲಸ ಮಾಡುವವರಾದರೂ ಅವರಿಗೆ ಎಷ್ಟಾದಷ್ಟು ಸಂಭಾವನೆ ಕೊಟ್ಟರು, ಹುಡುಗರಿಂದ ಹೆಚ್ಚು ಕೇಳಲಿಲ್ಲ. ಆ ಶಾಲೆಗಳಲ್ಲಿ ಓದಿದವರು ಮುಂದೆ ಬ್ಯಾಂಕು, ಕೋರ್ಟು, ಹೋಟೆಲ್ ಉದ್ಯಮದಲ್ಲಿ ನೆಲೆನಿಂತು ಇವತ್ತಿನ ಸಂಘಗಳನ್ನು ಬೆಳೆಸಿದರು. ಈಗ ಕನ್ನಡ ಮಾಧ್ಯಮದ ಮಕ್ಕಳೂ ಹೋಟೆಲು ಹುಡುಗರೂ ಕಡಿಮೆಯಾಗಿ ರಾತ್ರಿಶಾಲೆಗಳ ದೀಪ ಒಂದೊಂದಾಗಿ ಆರಿದೆ. ಹಾಗೆಂದು ಅವುಗಳನ್ನು ನಡೆಸಿದ ಜಾಣ್ಮೆಯೂ ಆರಬೇಕಾಗಿಲ್ಲ. ಎರವಲು ಜಾಗ, ತಪ್ಪದ ಗಂಟೆ, ಸಂಬಳದ ಮೇಷ್ಟ್ರು: ಸಂಜೆಯ ಮೈದಾನಕ್ಕೂ ಇಷ್ಟೇ ಸಾಕು.

ಜಾಗವೇ ಇಲ್ಲವಲ್ಲ ಎಂಬುದು ಮೊದಲು ಬರುವ ಆಕ್ಷೇಪ, ಮತ್ತು ಅದು ಸುಳ್ಳಲ್ಲ. ಮುಂಬಯಿಯಲ್ಲಿ ತಲೆಗೆ ಸಿಗುವ ತೆರೆದ ಜಾಗ ಒಂದು ಚದರ ಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಕೇಂದ್ರ ಸರಕಾರದ ನಗರ ಯೋಜನೆಯ ಮಾರ್ಗಸೂಚಿ ಹೇಳುವುದು ಹತ್ತರಿಂದ ಹನ್ನೆರಡು ಚದರ ಮೀಟರ್. ಆದರೆ ಜಾಗ ಸಾಲದು ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಕ್ರಿಕೆಟ್ ಮೈದಾನ. ಸ್ವಲ್ಪ ಲೆಕ್ಕ ಮಾಡೋಣ. ಬೌಂಡರಿ ಪಿಚ್ಚಿನಿಂದ 65 ಮೀಟರ್ ದೂರವಿದೆಯೆಂದರೆ ಕ್ರಿಕೆಟ್ಟಿಗೆ 13,000 ಚದರ ಮೀಟರಿಗಿಂತ ಹೆಚ್ಚು ಜಾಗ ಬೇಕು. ಅಲ್ಲಿ ಒಮ್ಮೆಗೆ ಆಡುವವರು ಹದಿಮೂರು ಮಂದಿ, ಅವರಲ್ಲೂ ಹೆಚ್ಚಿನವರು ಚೆಂಡಿಗಾಗಿ ಕಾಯುತ್ತ ನಿಂತವರು. ಹೆಣ್ಣುಮಕ್ಕಳ ಮತ್ತು ಜೂನಿಯರ್ ಕಬಡ್ಡಿಯ ಅಂಗಣ 12 ಮೀಟರ್ ಉದ್ದ, 8 ಮೀಟರ್ ಅಗಲ, ಅಂದರೆ 96 ಚದರ ಮೀಟರ್; ಅದರಲ್ಲಿ ಹದಿನಾಲ್ಕು ಮಕ್ಕಳು ಬೆವರು ಹರಿಸುತ್ತಾರೆ. ಖೋ-ಖೋಗೆ 27ಕ್ಕೆ 16 ಮೀಟರ್, 432 ಚದರ ಮೀಟರ್. ಒಂದು ಕ್ರಿಕೆಟ್ ಮೈದಾನದ ಜಾಗದಲ್ಲಿ ಲೆಕ್ಕಕ್ಕೆ ಮೂವತ್ತು ಖೋ-ಖೋ ಅಂಗಣ ಹಿಡಿಯುತ್ತವೆ. ಸಾಮಾನ್ಯ ಶಾಲೆಯೊಂದರ ಅಂಗಳದಲ್ಲಿ ಒಂದು ಖೋ-ಖೋ, ಪಕ್ಕದಲ್ಲಿ ಒಂದು ಕಬಡ್ಡಿ ಧಾರಾಳವಾಗಿ ನಡೆದೀತು. ನಮಗೆ ಜಾಗದ ಬರವಿದೆ, ನಿಜ. ಅದರ ಜೊತೆಗೆ ಇಂಥ ಜಾಗಕ್ಕೆ ಯಾವ ಆಟ ಹೊಂದುತ್ತದೆ ಎಂಬ ಯೋಚನೆಯ ಬರವೂ ಇದೆ.

ಖೋ-ಖೋ ಅಂಗಣ ಸಿದ್ಧವಾಗುವುದನ್ನು ಹತ್ತಿರದಿಂದ ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಒಂದು ಹಗ್ಗ, ಒಂದು ಡಬ್ಬಿ ಸುಣ್ಣದ ಪುಡಿ, ಸೊಂಟದೆತ್ತರದ ಎರಡು ಮರದ ಕಂಬ. ಹಗ್ಗ ಎಳೆದು ನಡುವಿನ ಓಣಿ ಗುರುತಿಸಿ, ಅಡ್ಡಗೆರೆ ಎಳೆದು ಎಂಟು ಚೌಕ ಬಿಡಿಸಿದರೆ ಮುಗಿಯಿತು. ಎಂಟು ಮಕ್ಕಳು ಒಬ್ಬರು ಈ ಕಡೆ, ಮತ್ತೊಬ್ಬರು ಆ ಕಡೆ ಮುಖ ಮಾಡಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಹೋಗುತ್ತಾಳೆ. ಅವಳಿಗೆ ತಿರುಗಿ ಬರುವ ಹಾಗಿಲ್ಲ, ನಡುಗೆರೆ ದಾಟುವ ಹಾಗಿಲ್ಲ. ಓಡುವವಳು ಆಚೆ ನುಸುಳಿದಳೋ, ಕೂತವಳ ಬೆನ್ನು ಮುಟ್ಟಿ ‘ಖೋ’ ಎಂದು ಕೂಗಿ ತಾನು ಅಲ್ಲಿ ಕೂರಬೇಕು, ಎದ್ದವಳು ಓಡಬೇಕು. ಎಷ್ಟೇ ಚುರುಕಿನವಳಾದರೂ ಒಬ್ಬಳೇ ಆಟ ಗೆಲ್ಲಿಸಲಾರಳು. ತಾನು ಯಾವಾಗ ಕೂರಬೇಕೆಂದು ತಿಳಿಯದವಳು ತಂಡವನ್ನೇ ಸೋಲಿಸುತ್ತಾಳೆ. ಮಗುವಿಗೆ ಬರಿಗಾಲು, ಒಂದು ಚಡ್ಡಿ, ಒಂದು ಬನಿಯನ್ ಸಾಕು. ಇದೇ ಆಟದಲ್ಲಿ 2025ರ ಜನವರಿ 19ರಂದು ದೆಹಲಿಯಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78-40ರಿಂದ ಸೋಲಿಸಿ ಮೊದಲ ವಿಶ್ವಕಪ್ ಗೆದ್ದರು. ಆ ತಂಡದಲ್ಲಿದ್ದ ಚೈತ್ರಾ ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲೂಕಿನ ಕುರುಬೂರಿನವರು. ಕುರುಬೂರಿನಲ್ಲಿ ಟರ್ಫ್ ಇರಲಿಲ್ಲ.

ಆ ಗೆಲುವಿನ ನಂತರ ನಡೆದದ್ದೂ ನಮ್ಮ ವಾದಕ್ಕೆ ಬೇಕಾದ ಸಂಗತಿಯೇ. ಕರ್ನಾಟಕ ಸರಕಾರ ತನ್ನ ಇಬ್ಬರು ಆಟಗಾರರಿಗೆ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ತನ್ನವರಿಗೆ ತಲಾ 2.25 ಕೋಟಿ ಕೊಡುತ್ತಿರುವಾಗ ಇದೆಂಥ ತಾರತಮ್ಯ ಎಂದು ಅವರಿಬ್ಬರೂ ಅದನ್ನು ನಿರಾಕರಿಸಿದರು. ಅವರ ನೋವು ನ್ಯಾಯವಾದದ್ದು. ಆದರೆ ಎರಡೂ ರಾಜ್ಯಗಳ ಲೆಕ್ಕದಲ್ಲಿ ಒಂದು ಸಾಮ್ಯ ಇದೆ: ಹಣ ಬರುವುದು ಗೆದ್ದ ಮೇಲೆ. ಸಂಘಗಳ ಟ್ರೋಫಿಯೂ ಸರಕಾರದ ಕೋಟಿಯೂ ಒಂದೇ ಗುಣದವು, ಫಲಕ್ಕೆ ಪೂಜೆ ಮಾಡುತ್ತವೆ, ಬೇರಿಗೆ ನೀರು ಹಾಕುವುದನ್ನು ಮರೆಯುತ್ತವೆ. 2.25 ಕೋಟಿಯಲ್ಲಿ ಮುಂದೆ ಹೇಳಲಿರುವಂಥ ಸಂಜೆಯ ತರಗತಿಯೊಂದನ್ನು ಐವತ್ತು ವರ್ಷ ನಡೆಸಬಹುದು.

ಇನ್ನು ಲೆಕ್ಕ. ಇದು ಊಹೆಯ ಲೆಕ್ಕ, ಆದರೆ ಕೈಗೆ ನಿಲುಕುವ ಊಹೆ. ಅರುವತ್ತು ಮಕ್ಕಳು, ವಾರಕ್ಕೆ ಐದು ಸಂಜೆ, ಎರಡು ಗಂಟೆ. ಮುಖ್ಯ ತರಬೇತುದಾರರಿಗೆ ತಿಂಗಳಿಗೆ 20,000. ಸಹಾಯಕ್ಕೆ ಒಬ್ಬ ಮಹಿಳಾ ತರಬೇತುದಾರೆ, 10,000. ವರ್ಷಕ್ಕೆ 3.6 ಲಕ್ಷ. ಸುಣ್ಣ, ಕಂಬ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ವಿಮೆ, ಪಂದ್ಯಾಟಗಳ ಪ್ರವೇಶಧನ, ಆಟ ಮುಗಿದಾಗ ಕೈಗೊಂದು ಬಾಳೆಹಣ್ಣು, ಇವಕ್ಕೆಲ್ಲ 60,000. ಒಟ್ಟು 4.2 ಲಕ್ಷ, ಮಗುವೊಂದಕ್ಕೆ ವರ್ಷಕ್ಕೆ 7,000, ತಿಂಗಳಿಗೆ 583 ರೂಪಾಯಿ. ಜಾಗ ಎರವಲು, ಆದ್ದರಿಂದ ಬಾಡಿಗೆಯಿಲ್ಲ. ಪ್ರತಿ ಮಗುವಿನಿಂದ ತಿಂಗಳಿಗೆ 100 ರೂಪಾಯಿ ತೆಗೆದುಕೊಂಡರೆ ವರ್ಷಕ್ಕೆ 72,000 ಬರುತ್ತದೆ. ಸಂಘ ಹೊಂದಿಸಬೇಕಾದ್ದು 3.48 ಲಕ್ಷ. ಕೇಂದ್ರದ ಖೇಲೋ ಇಂಡಿಯಾ ಯೋಜನೆ ಜಿಲ್ಲಾಮಟ್ಟದ ಸಣ್ಣ ಕೇಂದ್ರವೊಂದಕ್ಕೆ ವರ್ಷಕ್ಕೆ ಕೊಡಲೆಂದು ಗೊತ್ತುಮಾಡಿದ ಮೊತ್ತ 5 ಲಕ್ಷ, ಆರಂಭಕ್ಕೆ ಒಮ್ಮೆ ಇನ್ನೊಂದು 5 ಲಕ್ಷ. ಆ ಹಣದ ಉದ್ದೇಶವೂ ಮುಖ್ಯವಾಗಿ ಹಳೆಯ ಆಟಗಾರನೊಬ್ಬನನ್ನು ತರಬೇತುದಾರನಾಗಿ ನಿಲ್ಲಿಸುವುದೇ. ಸರಕಾರದ ಲೆಕ್ಕವೂ ನಮ್ಮ ಲೆಕ್ಕವೂ ಬೇರೆ ಬೇರೆ ದಾರಿಯಿಂದ ಬಂದು ಹತ್ತಿರ ಹತ್ತಿರ ನಿಲ್ಲುತ್ತವೆ. 2013ರ ಕಂಪನಿ ಕಾಯ್ದೆಯ ಏಳನೆಯ ಪರಿಶಿಷ್ಟದಲ್ಲಿ ಸಾಮಾಜಿಕ ಹೊಣೆಯ ಹಣವನ್ನು ಕ್ರೀಡಾ ತರಬೇತಿಗೆ ಕೊಡಬಹುದೆಂದು ಬರೆದಿದೆ. ಮುಂಬಯಿಯ ನಮ್ಮ ಉದ್ಯಮಿಗಳಲ್ಲಿ ಆ ಕಾಯ್ದೆಯ ವ್ಯಾಪ್ತಿಗೆ ಬರುವ ಕಂಪನಿ ನಡೆಸುವವರಿದ್ದಾರೆ. ಅವರನ್ನು ಟ್ರೋಫಿಯ ಪ್ರಾಯೋಜಕರಾಗಿ ಕೇಳುವ ಬದಲು ಮೇಷ್ಟ್ರ ಒಂದು ವರ್ಷದ ಸಂಬಳ ಕೇಳಬೇಕು.

ನೂರು ರೂಪಾಯಿ ಯಾಕೆ, ಪೂರ್ತಿ ಉಚಿತ ಮಾಡಬಾರದೇ ಎಂದು ಕೆಲವರು. ಉಚಿತವಾಗಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲ, ಐನೂರು ಮಾಡಿ ಎಂದು ಮತ್ತೆ ಕೆಲವರು. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಮಗು ಬರದಿರುವುದಕ್ಕೆ ಮನೆಯವರ ಅಸಡ್ಡೆಗಿಂತ ಮನೆಯ ಕಷ್ಟ ದೊಡ್ಡ ಕಾರಣ ಎಂದು ನನಗನಿಸುತ್ತದೆ. ಧಾರಾವಿಯ ಹೊಲಿಗೆ ಕಾರ್ಖಾನೆಯಲ್ಲಿ ದುಡಿಯುವ ತಾಯಿಗೆ ತಿಂಗಳಿಗೆ ಐನೂರು ಎಂದರೆ ಅದು ಆಟವೋ ಗ್ಯಾಸ್ ಸಿಲಿಂಡರೋ ಎಂಬ ಪ್ರಶ್ನೆ. ಶುಲ್ಕವನ್ನು ಕೊಡಲಾಗದವರಿಗೆ ಬಿಡಬೇಕು, ಮತ್ತು ಬಿಟ್ಟದ್ದು ಬೇರೆ ಮಕ್ಕಳಿಗೆ ತಿಳಿಯಬಾರದು. ಐಸ್ಲೆಂಡಿನ ರಾಜಧಾನಿ ರೇಕ್ಯಾವಿಕ್ ನಗರಾಡಳಿತ ಇದನ್ನು ಅಚ್ಚುಕಟ್ಟಾಗಿ ಮಾಡಿದೆ: ಪ್ರತಿ ಮಗುವಿನ ಹೆಸರಿನಲ್ಲಿ ಮನೆಗೆ ವರ್ಷಕ್ಕಿಷ್ಟು ಎಂದು ಹಣದ ಕಾರ್ಡು ಕೊಡುತ್ತದೆ, ಅದನ್ನು ಆಟ, ಸಂಗೀತದಂಥ ಬಿಡುವಿನ ಚಟುವಟಿಕೆಗಳಿಗೆ ಮಾತ್ರ ಬಳಸಬಹುದು. 1998ರಲ್ಲಿ ಆ ದೇಶದ 15-16ರ ಹರೆಯದವರಲ್ಲಿ ನೂರಕ್ಕೆ 42 ಮಂದಿ ಹಿಂದಿನ ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡಿದ್ದೆವು ಎಂದಿದ್ದರು. 2016ಕ್ಕೆ ಅದು ನೂರಕ್ಕೆ 5ಕ್ಕೆ ಇಳಿಯಿತು. ಎಲ್ಲವೂ ಆಟದಿಂದಲೇ ಆಯಿತೆನ್ನಲು ಆಗದು, ತಂದೆತಾಯಿಗಳ ಒಪ್ಪಂದ, ರಾತ್ರಿ ಹೊರಗಿರುವುದಕ್ಕೆ ಹೊತ್ತಿನ ಮಿತಿ, ಕಾನೂನು ಎಲ್ಲ ಸೇರಿ ಕೆಲಸ ಮಾಡಿದವು. ಆದರೆ ಮಕ್ಕಳ ಸಂಜೆಯನ್ನು ಯಾರಾದರೂ ತುಂಬಲೇಬೇಕು, ನಾವು ತುಂಬದಿದ್ದರೆ ಬೇರೆಯವರು ತುಂಬುತ್ತಾರೆ ಎಂಬ ತಿಳಿವಳಿಕೆ ಅಲ್ಲಿಯದು. ಗುಟಕಾ, ಮೊಬೈಲು, ಅದಕ್ಕಿಂತ ಕೆಟ್ಟ ಅಮಲು ಎಲ್ಲ ನಡೆದು ಮುಟ್ಟುವ ದೂರದಲ್ಲೇ ಸಿಗುವ ಬಡಾವಣೆಗಳಿಗೆ ಈ ತಿಳಿವಳಿಕೆ ಐಸ್ಲೆಂಡಿಗಿಂತ ಹೆಚ್ಚು ಬೇಕು.

ದೂರದ ದೇಶವೇಕೆ, ಮುಂಬಯಿಯಲ್ಲೇ ನಿಂತು ನಡೆದ ಮಾದರಿಗಳಿವೆ. ನಾಗಪಾಡಾ ಗಲಭೆ, ಬಡತನ, ಕಿಕ್ಕಿರಿದ ಚಾಳುಗಳ ಪ್ರದೇಶವೆಂದೇ ಹೆಸರಾದದ್ದು. 1920ರ ದಶಕದಲ್ಲಿ ಕ್ಲಿಫರ್ಡ್ ಮ್ಯಾನ್ಶಾರ್ಟ್ ಎಂಬ ಅಮೆರಿಕದ ಮಿಷನರಿ ಅಲ್ಲಿ ‘ನೇಬರ್‌ಹುಡ್ ಹೌಸ್’ ಕಟ್ಟಿದರು. ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ 1936ರಲ್ಲಿ ಹುಟ್ಟಿದ್ದು ಅದೇ ಕಟ್ಟಡದಲ್ಲಿ. ಆ ಪರಿಸರದಲ್ಲಿ ಬೇರುಬಿಟ್ಟ ಬಾಸ್ಕೆಟ್‌ಬಾಲ್ ಇಂದಿಗೂ ನಗರಪಾಲಿಕೆಯ ಬಚ್ಚೂಖಾನ್ ಮೈದಾನದಲ್ಲಿ ಉಸಿರಾಡುತ್ತಿದೆ. 1970ರಲ್ಲಿ ಅರ್ಜುನ ಪ್ರಶಸ್ತಿ ಪಡೆದು ಭಾರತ ತಂಡದ ನಾಯಕರೂ ಆಗಿದ್ದ ಅಬ್ಬಾಸ್ ಮುಂತಸಿರ್ ಆ ಓಣಿಗಳವರೇ. ದಾದರ್ ಶಿವಾಜಿ ಪಾರ್ಕಿನ ಶ್ರೀ ಸಮರ್ಥ ವ್ಯಾಯಾಮ ಮಂದಿರ 1925ರಿಂದ ನಡೆದುಬಂದಿದೆ. ಅಲ್ಲಿ ಸಾಗುವಾನಿ ಕಂಬಕ್ಕೆ ಹರಳೆಣ್ಣೆ ಸವರಿ ಮಕ್ಕಳು ಮಲ್ಲಕಂಬ ಹತ್ತುತ್ತಾರೆ. ಅವರನ್ನು ದಶಕಗಳ ಕಾಲ ತಿದ್ದಿದ ಉದಯ ದೇಶಪಾಂಡೆಯವರಿಗೆ 2024ರಲ್ಲಿ ಪದ್ಮಶ್ರೀ ಬಂತು, 2019ರಲ್ಲಿ ಮಲ್ಲಕಂಬದ ಮೊದಲ ವಿಶ್ವಸ್ಪರ್ಧೆ ನಡೆದದ್ದೂ ಶಿವಾಜಿ ಪಾರ್ಕಿನಲ್ಲೇ. ಮಲ್ಲಕಂಬ ನಮಗೆ ಪರಕೀಯವಲ್ಲ, ಗದಗ-ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಅದು ಜೀವಂತ ವಿದ್ಯೆ. ಒಂದು ಕಂಬ ನೆಟ್ಟರೆ ಸರದಿಯಲ್ಲಿ ಇಪ್ಪತ್ತು ಮಕ್ಕಳು ಕಲಿಯಬಹುದು. ನೆಲದಲ್ಲಿ ಅದು ತಿನ್ನುವ ಜಾಗ ಒಂದು ಕೋಣೆಯಷ್ಟು. ಈ ಎರಡೂ ಕಡೆ ವೈಭವದ ಕ್ರೀಡಾಂಗಣವಿಲ್ಲ. ಅದೇ ಜಾಗ, ಅದೇ ಹೊತ್ತು, ಕಲಿತ ದೊಡ್ಡವರು ಚಿಕ್ಕವರಿಗೆ ಕಲಿಸುವ ರೂಢಿ.

ಮಕ್ಕಳಿಗೆ ಬೇಕಾದ್ದು ಕ್ರಿಕೆಟ್, ಖೋ-ಖೋ ಕಬಡ್ಡಿ ಎಂದರೆ ಬರುವುದೇ ಇಲ್ಲ ಎಂಬ ಮಾತಿಗೆ ಉತ್ತರ ಹೇಳಲೇಬೇಕು, ಯಾಕೆಂದರೆ ಅದು ಮಕ್ಕಳ ಬಾಯಿಂದಲೇ ಬರುವ ಮಾತು. ಕ್ರಿಕೆಟ್ಟಿನ ಆಕರ್ಷಣೆ ಈ ನೆರೆಕರೆಯಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಪಕ್ಕದ ಮಾಟುಂಗಾದ ಡಾನ್ ಬಾಸ್ಕೊ ಶಾಲೆ 1977ರಲ್ಲಿ ಮೊದಲ ಬಾರಿ ಅಂತರಶಾಲಾ ಕ್ರಿಕೆಟ್ಟಿನ ಗೈಲ್ಸ್ ಶೀಲ್ಡ್ ಗೆದ್ದಾಗ ನಾಯಕನಾಗಿದ್ದವರು ಕರಾವಳಿ ಮೂಲದ ರವಿ ಶಾಸ್ತ್ರಿ. ಗವಾಸ್ಕರ್, ವೆಂಗ್‌ಸರ್ಕರ್ ಆಡಿದ ದಾದರ್ ಯೂನಿಯನ್ ಕ್ಲಬ್ಬಿನ ಮೈದಾನವೂ ಮಾಟುಂಗಾದಲ್ಲೇ ಇದೆ. 2024ರ ಡಿಸೆಂಬರಿನಲ್ಲಿ ನಡೆದ ಮಹಿಳಾ ಕ್ರಿಕೆಟ್ ಲೀಗಿನ ಹರಾಜಿನಲ್ಲಿ ಧಾರಾವಿಯ ಸಿಮ್ರನ್ ಶೇಖ್ ಅವರನ್ನು ಗುಜರಾತ್ ತಂಡ 1.9 ಕೋಟಿಗೆ ಕೊಂಡಿತು. ಆ ಹೆಣ್ಣುಮಗಳ ಸಾಧನೆ ಇಡೀ ಪರಿಸರಕ್ಕೆ ಹೆಮ್ಮೆ. ಆದರೆ ಒಬ್ಬ ಸಿಮ್ರನ್ ತೋರಿಸಿ ಸಾವಿರ ಮಕ್ಕಳ ಯೋಜನೆಯನ್ನು ಸಮರ್ಥಿಸುವುದು ತಪ್ಪು. ಸಾವಿರದಲ್ಲಿ ಒಬ್ಬರಿಗೆ ಕೋಟಿ ಸಿಗುವ ಆಸೆಯ ಮೇಲೆ ನಿಂತ ತರಗತಿ ಉಳಿದ ಒಂಬೈನೂರ ತೊಂಬತ್ತೊಂಬತ್ತು ಮಕ್ಕಳಿಗೆ ಸೋಲನ್ನು ಕಲಿಸಿ ಮನೆಗೆ ಕಳಿಸುತ್ತದೆ. ಮಕ್ಕಳಿಗೆ ದಿನಕ್ಕೆ 60 ನಿಮಿಷದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರದೇ ಅಧ್ಯಯನದಂತೆ ಜಗತ್ತಿನ 11ರಿಂದ 17ರ ವಯಸ್ಸಿನವರಲ್ಲಿ ನೂರಕ್ಕೆ 81 ಮಂದಿಗೆ ಅದು ಸಿಗುತ್ತಿಲ್ಲ. ಆ ಅರುವತ್ತು ನಿಮಿಷವೇ ಗುರಿ. ಕ್ರಿಕೆಟ್ಟಿಗೆ ವಾರದಲ್ಲಿ ಒಂದು ಸಂಜೆ ರಬ್ಬರ್ ಚೆಂಡು ಕೊಟ್ಟರೂ ಉಳಿದ ನಾಲ್ಕು ಸಂಜೆ ಎಲ್ಲರೂ ಓಡುವ ಆಟ ಆಡಿದರೆ ಆ ಗುರಿ ಮುಟ್ಟುತ್ತದೆ. ಹದಿಮೂರು ತುಂಬುವವರೆಗೆ ಮಕ್ಕಳಿಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ಪೇ ಇಲ್ಲದ ನಾರ್ವೆ 2022ರ ಚಳಿಗಾಲದ ಒಲಿಂಪಿಕ್ಸಿನಲ್ಲಿ 16 ಚಿನ್ನ ಗೆದ್ದಿತು. ಬೇಗ ಜರಡಿ ಹಿಡಿಯದಿದ್ದರೆ ಪ್ರತಿಭೆ ಹಾಳಾಗುತ್ತದೆ ಎಂಬ ಭಯಕ್ಕೆ ಅಷ್ಟು ಉತ್ತರ ಸಾಕು.

ಓದಿಗೆ ತೊಂದರೆಯಾಗುತ್ತದೆ ಎಂಬ ತಂದೆತಾಯಿಗಳ ಚಿಂತೆಯನ್ನು ಉಪದೇಶದಿಂದ ನೀಗಿಸಲಾಗದು. ಹೊತ್ತು ಖಚಿತವಾಗಿದ್ದರೆ ನೀಗುತ್ತದೆ. ಏಳಕ್ಕೆ ಆಟ ಮುಗಿಯುತ್ತದೆ ಎಂದರೆ ಏಳಕ್ಕೆ ಮುಗಿಯಬೇಕು. ಪರೀಕ್ಷೆಯ ತಿಂಗಳು ಅರ್ಧ ಗಂಟೆ ಮಾತ್ರ ಆಡಿಸಬೇಕು. ಹೆಣ್ಣುಮಕ್ಕಳ ವಿಷಯ ಇದಕ್ಕಿಂತ ಸೂಕ್ಷ್ಮ. ಹನ್ನೆರಡು ದಾಟುತ್ತಿದ್ದಂತೆ ಹುಡುಗಿಯರು ಮೈದಾನದಿಂದ ಮಾಯವಾಗುತ್ತಾರೆ. ಕಾರಣ ಆಸಕ್ತಿ ಕಡಿಮೆಯಾದದ್ದಲ್ಲ, ಬಾಗಿಲು ಹಾಕಿಕೊಳ್ಳುವ ಶೌಚಾಲಯ ಇಲ್ಲ, ಮಾತಾಡಲು ಒಬ್ಬ ಹೆಂಗಸು ಇಲ್ಲ, ಕತ್ತಲಾಗುವ ಮೊದಲು ಮನೆ ಮುಟ್ಟುವ ಭರವಸೆ ಇಲ್ಲ. ಅದಕ್ಕೇ ಮೇಲಿನ ಲೆಕ್ಕದಲ್ಲಿ ಮಹಿಳಾ ತರಬೇತುದಾರೆಯ ಹತ್ತು ಸಾವಿರವನ್ನು ಸೇರಿಸಿದ್ದು. ಹಣ ಕಡಿಮೆ ಬಿದ್ದರೆ ಕಡಿತ ಮಾಡಬೇಕಾದ ಕೊನೆಯ ಬಾಬತ್ತು ಅದು.

ನಗರಪಾಲಿಕೆ ಮಾಡಬೇಕಾದ ಕೆಲಸವನ್ನು ನಾವೇಕೆ ಮಾಡಬೇಕು ಎಂಬ ಪ್ರಶ್ನೆಗೆ ಬೆನ್ನು ತಿರುಗಿಸುವ ಹಾಗಿಲ್ಲ. ಶಿಕ್ಷಣ ಹಕ್ಕಿನ 2009ರ ಕಾಯ್ದೆ ಪ್ರತಿ ಶಾಲೆಗೂ ಆಟದ ಬಯಲು ಇರಬೇಕೆಂದು ಹೇಳಿದೆ. 2023ರ ಮಾರ್ಚಿನಲ್ಲಿ ಹರಿಯಾಣದ ಹಳ್ಳಿಯೊಂದರ ಶಾಲಾ ಮೈದಾನದ ಒತ್ತುವರಿ ಪ್ರಕರಣದಲ್ಲಿ ನ್ಯಾಯಮೂರ್ತಿ ಎಂ.ಆರ್. ಶಾ ಮತ್ತು ನಮ್ಮವರೇ ಆದ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ, ಮೈದಾನವಿಲ್ಲದ ಶಾಲೆ ಇರಕೂಡದು ಎಂದು ಸ್ಪಷ್ಟವಾಗಿ ಹೇಳಿ ಒತ್ತುವರಿ ತೆರವಿಗೆ ಆದೇಶಿಸಿತು. ಹಕ್ಕು ಕೇಳುವುದನ್ನು ಬಿಡಬಾರದು. ಧಾರಾವಿಯ ಪುನರಭಿವೃದ್ಧಿಯ ನಕ್ಷೆಯಲ್ಲಿ ಮಕ್ಕಳ ಮೈದಾನ ಎಷ್ಟು, ಎಲ್ಲಿ ಎಂದು ಈಗಲೇ ಕೇಳಬೇಕು, ಗೋಪುರಗಳು ಎದ್ದ ಮೇಲಲ್ಲ. ಆದರೆ ಹಕ್ಕಿನ ಹೋರಾಟ ಮುಗಿಯುವಷ್ಟರಲ್ಲಿ ಇವತ್ತು ಹತ್ತು ವರ್ಷದ ಮಗುವಿಗೆ ಇಪ್ಪತ್ತಾಗಿರುತ್ತದೆ. ರಾತ್ರಿಶಾಲೆ ತೆರೆದವರು ಸರಕಾರ ಹಗಲುಶಾಲೆ ಸರಿಮಾಡಲಿ ಎಂದು ಕಾದು ಕೂರಲಿಲ್ಲ. ಅದೇ ಸರಕಾರದ ಕೋಣೆಯ ಬೀಗದ ಕೈ ಕೇಳಿದರು. ಈಗಲೂ ಕೇಳಬೇಕಾದ್ದು ಅದನ್ನೇ: ಶಾಲೆ ಬಿಟ್ಟ ಮೇಲೆ ಅಂಗಳದ ಗೇಟಿನ ಕೈ. ನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿ ಒಂದು. ಮಕ್ಕಳಿಲ್ಲದೆ ಸೊರಗುತ್ತಿರುವ ಆ ಶಾಲೆಗಳ ಅಂಗಳದಲ್ಲಿ ಸಂಜೆ ಅರುವತ್ತು ಮಕ್ಕಳ ಗದ್ದಲ ಕೇಳಿದರೆ ಶಾಲೆಗೂ ಬಲವೇ.

ಮಳೆಗಾಲದ ನಾಲ್ಕು ತಿಂಗಳು ಅಂಗಳ ಕೆಸರಾಗುತ್ತದೆ. ಆಗ ನಮ್ಮ ಸಭಾಗೃಹಗಳು ನೆನಪಾಗಬೇಕು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಮೊದಲ್ಗೊಂಡು ಈ ನೆರೆಕರೆಯ ಕನ್ನಡಿಗರು ನಾಟಕಕ್ಕೆ, ಯಕ್ಷಗಾನಕ್ಕೆ, ಉಪನ್ಯಾಸಕ್ಕೆ ಹಾಲ್ ಕಟ್ಟಿದ್ದಾರೆ. ಅದು ಅವರ ದೊಡ್ಡತನ. ಶನಿವಾರ-ಭಾನುವಾರ ಮತ್ತು ಮುಹೂರ್ತದ ದಿನ ಅವು ತುಂಬುತ್ತವೆ. ವಾರದ ನಡುವಿನ ಸಂಜೆ ಕುರ್ಚಿಗಳನ್ನು ಗೋಡೆಗೆ ಒತ್ತಿ ಹಗ್ಗದ ಮಲ್ಲಕಂಬ, ಯೋಗಾಸನ, ಟೇಬಲ್ ಟೆನ್ನಿಸ್, ಕೇರಂ ನಡೆಸಬಹುದು. ಬಾಡಿಗೆಯ ಆದಾಯ ಹೋಗುತ್ತದೆ ಎನ್ನುವವರು ಮಂಗಳವಾರ ಸಂಜೆಯ ಬುಕಿಂಗ್ ಪುಸ್ತಕವನ್ನೊಮ್ಮೆ ತೆರೆದು ನೋಡಲಿ.

ಇಷ್ಟು ಹೇಳಿದ ಮೇಲೆ ಸಂಘಗಳ ಒಳಗಿನ ಆಕ್ಷೇಪವೊಂದು ಉಳಿಯುತ್ತದೆ. ನಮ್ಮವರ ದೇಣಿಗೆಯಿಂದ ನಮ್ಮ ಮಕ್ಕಳಿಗಲ್ಲದೆ ಧಾರಾವಿಯ ಎಲ್ಲರ ಮಕ್ಕಳಿಗೆ ಯಾಕೆ? ಸಮುದಾಯದ ಪ್ರೀತಿ ಎಂಥ ಆಟವನ್ನು ಕಟ್ಟಬಲ್ಲದು ಎಂಬುದಕ್ಕೆ ಕೊಡಗಿನ ಕುಟುಂಬ ಹಾಕಿ ಹಬ್ಬ ಸಾಕ್ಷಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳ ತಂಡಗಳಿಂದ ಆರಂಭಿಸಿದ್ದು 2024ರಲ್ಲಿ 360 ತಂಡಗಳಿಗೆ ಏರಿತು, ವರ್ಷಕ್ಕೊಂದು ಕುಟುಂಬ ಅದರ ಹೊಣೆ ಹೊರುತ್ತದೆ. ಹೊಣೆ ಸರದಿಯಲ್ಲಿ ತಿರುಗುವ ಆ ಪದ್ಧತಿಯನ್ನು ಸಯನ್-ಮಾಟುಂಗಾದ ಸಂಘಗಳು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳಬೇಕು: ಒಂದೊಂದು ವರ್ಷ ಒಂದೊಂದು ಸಂಘ. ಆದರೆ ಕೊಡಗಿನಲ್ಲಿ ನೆಲ ಇದೆ, ಕುಟುಂಬಗಳು ಅಲ್ಲೇ ಇವೆ. ಇಲ್ಲಿ ನಮ್ಮ ಮಕ್ಕಳು ಮೀರಾರೋಡ್, ಡೊಂಬಿವಿಲಿ, ನವಿಮುಂಬಯಿಗೆ ಚದುರಿದ್ದಾರೆ. ಸಯನ್‌ನ ಅಂಗಳಕ್ಕೆ ನಡೆದು ಬರುವ ಅರುವತ್ತು ಮಕ್ಕಳಲ್ಲಿ ಕನ್ನಡದವರು ಹದಿನೈದು, ಉಳಿದವರು ತಮಿಳು, ಮರಾಠಿ, ಉರ್ದು, ಭೋಜಪುರಿ ಮನೆಗಳವರು ಆಗಬಹುದು. ಹದಿನೈದು ಮಂದಿಯಿಂದ ಎರಡು ಖೋ-ಖೋ ತಂಡ ಆಗುವುದಿಲ್ಲ. ನಮ್ಮ ಮಕ್ಕಳು ಆಡಬೇಕೆಂದರೂ ಪಕ್ಕದವರ ಮಕ್ಕಳು ಬೇಕು. ಈ ನಗರ ಊರಿನಿಂದ ಬರಿಗೈಲಿ ಬಂದ ಹುಡುಗರಿಗೆ ತನ್ನ ಶಾಲೆಯ ಕೋಣೆ ತೆರೆದುಕೊಟ್ಟಾಗ ಅವರ ಮಾತೃಭಾಷೆ ಕೇಳಲಿಲ್ಲ.

ಸಂಘಗಳ ಹೊಸ ಲೆಕ್ಕವರ್ಷ ಏಪ್ರಿಲ್ 1ಕ್ಕೆ ಶುರು. ಮುಂದಿನ ಸಾಲಿನ ಆಯವ್ಯಯ ಬರೆಯುವಾಗ ಕ್ರೀಡಾಕೂಟದ ಬಾಬತ್ತಿನ ಕೆಳಗೆ ‘ಸಂಜೆಯ ಆಟದ ತರಗತಿ, ತರಬೇತುದಾರರ ಸಂಬಳ’ ಎಂದು ಇನ್ನೊಂದು ಸಾಲು ಸೇರಿಸಿ, ಮಹಾಸಭೆಯ ಮುಂದಿಡಿ. ಮೇ ತಿಂಗಳಲ್ಲಿ ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಅಂಗಳ ಕೇಳಿ. ಮಳೆ ಹಿಡಿಯುವುದರಿಂದ ಮೊದಲ ತರಗತಿ ನಿಮ್ಮ ಹಾಲಿನಲ್ಲೇ ಆಗಲಿ. ಶಾಲೆಗಳು ಮತ್ತೆ ತೆರೆಯುವುದು ಜೂನ್ ಮಧ್ಯದಲ್ಲಿ.